ಹಳೆಯ ಮನೆಗೆ ಹೊಸ ತೊಲೆ

ನಮ್ಮ ಗದಗ ಸೀಮೆಯ ಹಳೆಯ ಊರುಗಳಲ್ಲಿ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎರಡೆರಡು ಮನೆಗಳ ನಡುವೆ ಒಂದೇ ಗೋಡೆ. ಆ ಗೋಡೆಯ ಈ ಮಗ್ಗುಲಲ್ಲಿ ನಮ್ಮ ತೊಲೆಯ ತುದಿ ಕೂತಿದ್ದರೆ ಆ ಮಗ್ಗುಲಲ್ಲಿ ನೆರೆಯವರ ತೊಲೆಯ ತುದಿ. ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ರಾತ್ರಿ ಅದರ ಮೇಲೆ ಮಲಗಲು ಹೋದ ಹುಡುಗರು ಮನೆಯಿಂದ ಮನೆಗೆ ದಾಟುತ್ತ ಓಣಿಯ ಕೊನೆಯವರೆಗೂ ನಡೆದುಹೋಗಬಹುದಾಗಿತ್ತು. ಇಂಥ ಮನೆಗಳಲ್ಲಿ ಅನೇಕವು ಈಗ ನೂರು ವರ್ಷ ದಾಟಿವೆ. ಅವನ್ನು ದುರಸ್ತಿ ಮಾಡಿಸಹೊರಟ ಮನೆತನಗಳ ಎದುರಿಗೆ ಮೊದಲು ಬಂದು ನಿಲ್ಲುವ ಪ್ರಶ್ನೆ, ಕಂಬ-ತೊಲೆಗಳ ಚೌಕಟ್ಟು ಮರದ್ದೇ ಇರಲಿಯೋ, ಕಬ್ಬಿಣದ್ದಾಗಲಿಯೋ ಎಂಬುದು. ಈ ಪ್ರಶ್ನೆಯೊಡನೆ ಎರಡು ವರ್ಷ ಹೆಣಗಿದವನಾದ್ದರಿಂದ, ತಿಳಿದುಬಂದ ಕೆಲವು ಸಂಗತಿಗಳನ್ನು ಸಮಾಜ ಬಾಂಧವರ ಮುಂದಿಡಬೇಕೆನಿಸಿದೆ.

ಹಳೆಯ ಕಟ್ಟೋಣವನ್ನು ಬಲ್ಲ ಹಿರಿಯರಿಗೆ ವಿವರಣೆ ಬೇಕಿಲ್ಲ. ನಗರಗಳಲ್ಲಿ ಬೆಳೆದ ನಮ್ಮ ಮಕ್ಕಳಿಗಾಗಿ ಇಷ್ಟನ್ನು ಹೇಳಬೇಕು. ನಮ್ಮ ಮನೆಯ ಪಡಸಾಲೆ ಆರು ಅಂಕಣದ್ದು. ಅಂಕಣವೆಂದರೆ ನಾಲ್ಕು ಕಂಬಗಳ ನಡುವಿನ ಜಾಗ. ಕಲ್ಲಿನ ಪೀಠದ ಮೇಲೆ ಕಂಬ, ಕಂಬದ ತಲೆಯ ಮೇಲೆ ಕೆತ್ತನೆಯ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಸಾಲು ಜಂತಿ. ಜಂತಿಗಳ ಮೇಲೆ ಸೀಳಿದ ಕಟ್ಟಿಗೆಯ ತುಂಡುಗಳನ್ನು ಹೊಂದಿಸಿ, ಬೇವಿನ ಸೊಪ್ಪು ಹರಡಿ, ಮೇಲೆ ಸವಳು ಮಣ್ಣು ಬಡಿದರೆ ಮಾಳಿಗೆ ಸಿದ್ಧ. ನಡುವೆ ಬೆಳಕಿಂಡಿ. ಸುತ್ತಲಿನ ಗೋಡೆಗಳು ಎರಡು ಅಡಿ ದಪ್ಪದವಾದರೂ ಅವು ಕಲ್ಲು ಮತ್ತು ಮಣ್ಣಿನ ಗೋಡೆಗಳು, ಸಿಮೆಂಟಿನ ಗಾರೆಯನ್ನು ಕಂಡವಲ್ಲ. ಪಡಸಾಲೆಯ ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ಅಡುಗೆಮನೆಯ ತೊಲೆಯೊಂದು ಬಾಗಿ, ಮೇಲಿನಿಂದ ಮಣ್ಣು ಉದುರತೊಡಗಿದಾಗ ದುರಸ್ತಿಯ ಮಾತು ಬಂದಿತು.

ಅಣ್ಣನವರದು ಪುಣೆಯಲ್ಲಿ ವಾಸ. ಹಳೆಯ ಮಾಳಿಗೆಯನ್ನು ಪೂರ್ತಿ ಇಳಿಸಿ, ಮರವನ್ನೆಲ್ಲ ಮಾರಿ, ಒಳಗೆ ಉಕ್ಕಿನ ಕಂಬ-ತೊಲೆಗಳ ಹೊಸ ಚೌಕಟ್ಟು ಎಬ್ಬಿಸಿ, ಮೇಲೆ ತಗಡು ಹಾಸಿ ಕಾಂಕ್ರೀಟು ಹಾಕಿಬಿಡೋಣ ಎಂಬುದು ಅವರ ಅಭಿಪ್ರಾಯವಾಗಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕೆಲಸ ಬೇಗ ಮುಗಿಯುತ್ತದೆ, ಗೆದ್ದಲಿನ ಭಯವಿಲ್ಲ, ಮುಂದೆ ಮೇಲೊಂದು ಮಹಡಿಯನ್ನೂ ಕಟ್ಟಬಹುದು. ಅವ್ವನಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಎಂಬತ್ತು ದಾಟಿದ ಅವಳು ನಿತ್ಯ ಲಿಂಗಪೂಜೆಗೆ ಕೂಡುವುದು ಪಡಸಾಲೆಯ ಮೂಡಣ ಕಂಬದ ಬುಡದಲ್ಲಿ. ಅದಕ್ಕಾಗಿಯೇ ಹಟ ಹಿಡಿದಿರಬಹುದೆಂದು ನಾವಿಬ್ಬರೂ ತಿಳಿದೆವು. ಅವಳ ಚಿಂತೆಯೇ ಬೇರೆಯಾಗಿತ್ತು. "ಗ್ವಾಡಿ ನಮ್ಮದಷ್ಟ ಅಲ್ಲ ತಮ್ಮಾ, ಆಕೀದೂ ಐತಿ. ನಾವು ಕೆಡವಿದರ ಆಕಿ ಎಲ್ಲಿ ಹೋಗಬೇಕು?" ಎಂದು ಕೇಳಿದಳು. ಪಕ್ಕದ ಮನೆಯ ಕಾಕಿ ಒಬ್ಬರೇ ಇರುತ್ತಾರೆ. ಮನೆ ಕಟ್ಟಿಸಿಕೊಳ್ಳುವ ಶಕ್ತಿ ಅವರಿಗಿಲ್ಲ, ಬಿಟ್ಟುಹೋಗುವುದಕ್ಕೆ ಬೇರೆ ಸ್ಥಳವೂ ಇಲ್ಲ. ಅವ್ವನ ಆ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ.

ನಡುವೆ ಬಂಧುಗಳೊಬ್ಬರು ಬಂದು, ಕಬ್ಬಿಣ ಶನಿಯ ಲೋಹ, ಅದು ದೇವರ ಮನೆಯ ಮೇಲೆ ಹಾಯಬಾರದು ಎಂದು ಎಚ್ಚರಿಸಿ ಹೋದರು. ನಮ್ಮ ಸಮಾಜದ ಮನೆಗಳಲ್ಲಿಯೂ ಈಗ ವಾಸ್ತುವಿನ ಪುಸ್ತಕಗಳು ವಚನಗಳ ಕಟ್ಟಿಗಿಂತ ಹೆಚ್ಚು ಸವೆದಿರುವುದನ್ನು ಕಾಣುತ್ತೇನೆ. ಶರಣರು ತಿಥಿ ವಾರ ಮುಹೂರ್ತಗಳನ್ನು ಲೆಕ್ಕಿಸಿದವರಲ್ಲ. ಬಾಚಿಯನ್ನು ಹಿಡಿದು ಮರಗೆಲಸ ಮಾಡುತ್ತಿದ್ದ ಬಾಚಿಕಾಯಕದ ಬಸವಯ್ಯನವರೂ ಅನುಭವ ಮಂಟಪದ ಪರಂಪರೆಯಲ್ಲಿ ವಚನಕಾರರೆನಿಸಿದರು. ಬಡಿಗನ ಕಾಯಕಕ್ಕೆ ಇರುವ ಗೌರವ ಕಮ್ಮಾರನ ಕಾಯಕಕ್ಕೂ ಇದೆ. ಒಬ್ಬನ ವಸ್ತು ಶುಭ, ಮತ್ತೊಬ್ಬನದು ಅಶುಭ ಎನ್ನುವುದಕ್ಕೆ ನಮ್ಮಲ್ಲಿ ಆಧಾರವಿಲ್ಲ. ಮರವಾಗಲಿ ಕಬ್ಬಿಣವಾಗಲಿ, ಅದು ಎಷ್ಟು ಭಾರ ಹೊರುತ್ತದೆ, ಎಷ್ಟು ಕಾಲ ಬಾಳುತ್ತದೆ ಎಂಬುದನ್ನಷ್ಟೇ ನೋಡಬೇಕು. ಇರಲಿ.

ಊರಿನ ಹಿರಿಯ ಬಡಿಗರೊಬ್ಬರನ್ನು ಕರೆಸಿದೆವು. ಅವರು ಎರಡು ದಿನ ಮನೆಯಲ್ಲಿ ಏಣಿ ಹಾಕಿಕೊಂಡು ಪ್ರತಿಯೊಂದು ತೊಲೆಯನ್ನೂ ಕೊಡತಿಯಿಂದ ತಟ್ಟುತ್ತ ಹೋದರು. ಗಟ್ಟಿ ಮರ ಗಂಟೆಯಂತೆ ಸ್ವರ ಕೊಡುತ್ತದೆ, ಒಳಗೆ ಟೊಳ್ಳಾದದ್ದು ಡೊಬ್ಬೆನ್ನುತ್ತದೆ. ಅನುಮಾನ ಬಂದ ಕಡೆ ಚೂಪಾದ ಮೊಳೆಯನ್ನು ಒತ್ತಿ ನೋಡಿದರು. ಇನ್ನೂ ಅನುಮಾನ ಉಳಿದರೆ ಗಿರಮಿಟ್ಟು ಹಾಕಿ ಸಣ್ಣ ತೂತು ಕೊರೆದರು. (ನಮ್ಮ ಕಡೆ ಗಿರಮಿಟ್ಟೆಂದರೆ ಮಕ್ಕಳಿಗೆ ನೆನಪಾಗುವುದು ಮಂಡಕ್ಕಿಯ ತಿಂಡಿ, ಬಡಿಗರಿಗೆ ಅದು ತೂತು ಕೊರೆಯುವ ಉಪಕರಣ. ನನ್ನ ಮೊಮ್ಮಗಳು ತಟ್ಟೆ ಹಿಡಿದು ಏಣಿಯ ಕೆಳಗೆ ಬಂದು ನಿಂತದ್ದುಂಟು.) ತೂತಿನಿಂದ ಉದುರಿದ ಪುಡಿ ಹೊಂಬಣ್ಣದ್ದಾಗಿದ್ದು ತೇಗದ ಎಣ್ಣೆಯ ವಾಸನೆ ಸೂಸಿದರೆ ಒಳಗಿನ ಚೇಗು ಜೀವಂತ. ಪುಡಿ ಕಪ್ಪಾಗಿ, ಬೆರಳಲ್ಲಿ ಹಿಟ್ಟಾದರೆ ಅದರ ಕಾಲ ಮುಗಿದಂತೆ. ತೇಗದ ಚೇಗಿನಲ್ಲಿ ಸಹಜವಾಗಿಯೇ ಇರುವ ಎಣ್ಣೆಯಂಶ ಗೆದ್ದಲನ್ನು ದೂರವಿಡುತ್ತದೆ. ಹೊರಗಿನ ಬಿಳಿಯ ಭಾಗಕ್ಕೆ ಆ ರಕ್ಷೆಯಿಲ್ಲ. ಹಳೆಯ ಕಾಲದವರು ಬಿಳಿಯ ಭಾಗವನ್ನು ಕೆತ್ತಿ ಎಸೆದು ಚೇಗನ್ನಷ್ಟೇ ತೊಲೆಗೆ ಬಳಸಿದ್ದರು.

ಮನೆಯಲ್ಲಿದ್ದ 11 ಮರದ ತೊಲೆಗಳಲ್ಲಿ 7 ಗಟ್ಟಿಯಾಗಿದ್ದವು. ಎರಡರ ಮೈಯೆಲ್ಲ ಗಟ್ಟಿಯಿದ್ದು, ಗೋಡೆಯೊಳಗೆ ಕೂತ ತುದಿಗಳು ಮಾತ್ರ ಒಂದು ಅಡಿಯಷ್ಟು ಕೊಳೆತಿದ್ದವು. ಅಡುಗೆಮನೆಯ ಎರಡು ಪೂರ್ತಿ ಹಾಳಾಗಿದ್ದವು. ನಮ್ಮನ್ನು ಬೆರಗುಗೊಳಿಸಿದ ಸಂಗತಿ ಇವುಗಳಲ್ಲಿ ಯಾವುದೂ ಅಲ್ಲ, ಬಚ್ಚಲಿನ ಕಬ್ಬಿಣ. 1880ರ ದಶಕದಲ್ಲಿ ಗದಗಿಗೆ ರೈಲು ಬಂದ ಮೇಲೆ, ಸವೆದ ಹಳಿಗಳನ್ನು ಕೊಂಡು ಮನೆಗೆ ತೊಲೆಯಾಗಿ ಬಳಸುವುದು ಈ ಕಡೆ ರೂಢಿಯಾಯಿತು. ನಮ್ಮ ಅಜ್ಜನವರೂ ಬಚ್ಚಲಿನ ಮೇಲೆ ಅಂಥದೊಂದು ಹಳಿ ಹಾಕಿಸಿದ್ದರು. ಕಬ್ಬಿಣಕ್ಕೇನಾಗುತ್ತದೆ ಎಂದು ಅದನ್ನು ಯಾರೂ ನೋಡಿರಲೇ ಇಲ್ಲ. ಗೋಡೆಯ ಬಾಯಿ ಬಿಡಿಸಿ ನೋಡಿದರೆ ಹಳಿಯ ತುದಿ ಹೋಳಿಗೆಯ ಪದರಿನಂತೆ ಎದ್ದು ಬಂದಿತ್ತು. ಕಬ್ಬಿಣ ತುಕ್ಕಾದಾಗ ತನ್ನ ಮೂಲ ಗಾತ್ರದ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬಿಗೆ ಸುತ್ತಲಿನ ಕಲ್ಲುಗಳು ಸರಿದು, ಕಾಕಿಯವರ ಕಡೆಗೆ ಗೋಡೆ ಬಿರುಕು ಬಿಟ್ಟಿತ್ತು.

"ಯಜಮಾನ್ರ, ಮರ ಸತ್ತಿಲ್ರಿ, ಕಬ್ಬಣಾನೂ ಸತ್ತಿಲ್ಲ. ನೀರು ಬಿದ್ದಲ್ಲಿ ಅಷ್ಟ ಸತ್ತಾವು" ಎಂದರು ಬಡಿಗರು. ಅವರ ಮಾತು ನಿಜವಾಗಿತ್ತು. ನೂರರಲ್ಲಿ ಇಪ್ಪತ್ತು ಪಾಲಿಗಿಂತ ಕಡಿಮೆ ತೇವವಿರುವ ಮರಕ್ಕೆ ಕೊಳೆ ಹತ್ತುವುದಿಲ್ಲ. ಒಣಗಿದ ಗಾಳಿಯಲ್ಲಿರುವ ಕಬ್ಬಿಣಕ್ಕೆ ತುಕ್ಕೂ ಅಷ್ಟಾಗಿ ಹಿಡಿಯುವುದಿಲ್ಲ. ನಮ್ಮ ಮನೆಯಲ್ಲಿ ಕೊಳೆತ ಎರಡು ತುದಿಗಳೂ ಮಾಳಿಗೆಯ ನೀರು ಬೀಳುವ ದೋಣಿಯ ನೇರಕ್ಕೆ ಇದ್ದವು. ಅಡುಗೆಮನೆಯ ತೊಲೆಗಳ ಕಥೆ ಬೇರೆ. ಕಟ್ಟಿಗೆಯ ಒಲೆ ಉರಿಯುತ್ತಿದ್ದಷ್ಟು ಕಾಲ ಹೊಗೆ ಅವನ್ನು ಹುಳುಗಳಿಂದ ಕಾಯ್ದಿತ್ತು, ಗ್ಯಾಸು ಬಂದ ಮೇಲೆ ಆ ರಕ್ಷೆ ತಪ್ಪಿತು, ಬಚ್ಚಲಿನ ತೇವ ಗೋಡೆಯಲ್ಲಿ ಏರಿ ಗೆದ್ದಲಿಗೆ ದಾರಿಯಾಯಿತು ಎಂದು ಬಡಿಗರು ಊಹಿಸಿದರು. ಅವು ತೇಗದವಾಗಿರಲಿಲ್ಲ, ಮತ್ತಿಯ ಮರದವು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಇನ್ನು ಭಾರದ ಮಾತು. ಹುಬ್ಬಳ್ಳಿಯಿಂದ ಬಂದ ಎಂಜಿನಿಯರರು ತೊಲೆಗಳಿಗಿಂತ ಮೊದಲು ಮಾಳಿಗೆಯ ಮಣ್ಣನ್ನು ಅಗೆಸಿ ನೋಡಿದರು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಸೋರುವ ಕಡೆ ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯದನ್ನು ತೆಗೆಯುವ ವಾಡಿಕೆ ಯಾರಿಗೂ ಇಲ್ಲ. ಮೂರು ತಲೆಮಾರು ಹೀಗೆ ಹಾಕಿದ ಮಣ್ಣು ಒಂದೂವರೆ ಅಡಿ ದಪ್ಪವಾಗಿತ್ತು. ಲೆಕ್ಕ ಸರಳವಾದದ್ದು. ಬಡಿದು ಗಟ್ಟಿ ಮಾಡಿದ ಮಣ್ಣು ಘನ ಮೀಟರಿಗೆ 1,600 ಕಿಲೋಗೂ ಮೇಲೆ ತೂಗುತ್ತದೆ. ಒಂದೂವರೆ ಅಡಿ ದಪ್ಪವಿದ್ದರೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು 750 ಕಿಲೋ. 12 ಅಡಿ ಉದ್ದ, 8 ಅಡಿ ಅಗಲದ ಒಂದು ಅಂಕಣದ ತಲೆಯ ಮೇಲೆ ಆರೂವರೆ ಟನ್ನಿಗೂ ಹೆಚ್ಚು ಭಾರ ಕೂತಿತ್ತು. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಅದರ ಕೆಳಗೆ ನಾವು ಉಂಡಿದ್ದೇವೆ, ಮಕ್ಕಳ ಮದುವೆ ಮಾಡಿದ್ದೇವೆ. ತೊಲೆಗಳು ತಮ್ಮ ಶಕ್ತಿಯ ಅಂಚಿಗೆ ಬಂದಿವೆ ಎಂದು ಎಂಜಿನಿಯರರು ಹೇಳಿದಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಆದದ್ದನ್ನು ನಮ್ಮ ಪೀಳಿಗೆಯವರು ಮರೆಯಲಾರರು. ನಮ್ಮ ಬೀದರ, ಕಲಬುರ್ಗಿ ಜಿಲ್ಲೆಗಳಿಗೆ ಹೊಂದಿಕೊಂಡಿರುವ ಲಾತೂರು, ಆಗಿನ ಉಸ್ಮಾನಾಬಾದ ಜಿಲ್ಲೆಗಳ ಹಳ್ಳಿಗಳಲ್ಲಿ ಸಾವಿರಾರು ಜನ ಮಲಗಿದಲ್ಲಿಯೇ ಸಮಾಧಿಯಾದರು. ನಮ್ಮ ಸಮಾಜದ ಮನೆತನಗಳೂ ಆ ಭಾಗದಲ್ಲಿ ಬಹಳ. ಅಲ್ಲಿಯ ಮನೆಗಳೂ ನಮ್ಮವೇ: ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರ. ಭೂಕಂಪದ ತರುವಾಯ ಪರಿಶೀಲಿಸಿದ ತಜ್ಞರು ಗಮನಿಸಿದ ಒಂದು ಸಂಗತಿಯನ್ನು ಎಂಜಿನಿಯರರು ನಮಗೆ ವಿವರಿಸಿದರು. ಮಾಳಿಗೆಯ ಭಾರವೆಲ್ಲ ನೇರವಾಗಿ ಗೋಡೆಯ ಮೇಲೆ ಕೂತಿದ್ದ ಮನೆಗಳಲ್ಲಿ ಗೋಡೆ ಕುಸಿದೊಡನೆ ಮಾಳಿಗೆಯೂ ಬಂದಿತು. ಮರದ ಕಂಬಗಳ ಮೇಲೆ ಮಾಳಿಗೆ ನಿಂತಿದ್ದ ಮನೆಗಳಲ್ಲಿ ಗೋಡೆ ಹೊರಕ್ಕೆ ಬಿದ್ದರೂ ಚೌಕಟ್ಟು ನಿಂತದ್ದುಂಟು, ಒಳಗಿದ್ದವರು ಬದುಕಿದ್ದುಂಟು. ಅಂದರೆ ಹಿರಿಯರು ನಿಲ್ಲಿಸಿದ ಕಂಬ ತೊಲೆಗಳು ಬರಿಯ ಅಲಂಕಾರವಲ್ಲ, ಪ್ರಾಣ ಕಾಯುವ ವ್ಯವಸ್ಥೆ. ಆದ್ದರಿಂದ ಗಟ್ಟಿಯಾಗಿರುವ ಚೌಕಟ್ಟನ್ನು ಕಳಚುವುದಕ್ಕೆ ಮುನ್ನ ಎರಡು ಬಾರಿ ಯೋಚಿಸಬೇಕೆಂದು ಅವರು ಹೇಳಿದರು. ನಾನು ಅಲ್ಲಿಯವರೆಗೆ ಮರವನ್ನು ಉಳಿಸುವುದು ಕೇವಲ ಮಮತೆಯ ಮಾತೆಂದು ಬಗೆದಿದ್ದೆ.

ಹಾಳಾದ ತೊಲೆಗಳಿಗೆ ಬದಲು ಏನು ಎಂಬಲ್ಲಿ ಲೆಕ್ಕ ಬೇರೆಯಾಯಿತು. 8 ಅಂಗುಲ ಅಗಲ, 10 ಅಂಗುಲ ಎತ್ತರ, 12 ಅಡಿ ಉದ್ದದ ತೇಗದ ತೊಲೆಯೆಂದರೆ ಆರೂವರೆ ಘನ ಅಡಿಗೂ ಹೆಚ್ಚು ಮರ. ಅಷ್ಟು ಉದ್ದ ಅಷ್ಟು ದಪ್ಪದ, ಬಿಳಿಯಿಲ್ಲದ ತೇಗ ಈಗ ಸುಲಭವಾಗಿ ಸಿಗುವುದಿಲ್ಲ. ನಮ್ಮ ಅಜ್ಜನವರ ಕಾಲದಲ್ಲಿ ದಾಂಡೇಲಿಯ ಕಾಡಿನ ಮರ ಚಕ್ಕಡಿಯ ಮೇಲೆ ಬರುತ್ತಿತ್ತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಾಡು ಕಡಿಯುವುದಕ್ಕೆ ಬಿಗಿಯಾದ ನಿರ್ಬಂಧ ಹಾಕಿತು, ಅದು ಒಳ್ಳೆಯದೇ ಆಯಿತು. ಇಂದು ಹೊಸ ತೇಗವೆಂದು ಮಾರುವುದರಲ್ಲಿ ಬಹಳಷ್ಟು ಎಳೆಯ ಮರ. ಅದರಲ್ಲಿ ಚೇಗು ಕಡಿಮೆ, ಬಿಳಿ ಹೆಚ್ಚು. ಅದೇ ಕೆಲಸವನ್ನು 200 ಮಿಲಿಮೀಟರ್ ಎತ್ತರದ, ಐ ಆಕಾರದ ಉಕ್ಕಿನ ತೊಲೆ ಮಾಡುತ್ತದೆ. ಮೀಟರಿಗೆ ಸುಮಾರು 25 ಕಿಲೋ ತೂಕ. ನಮ್ಮ 12 ಅಡಿಗೆ 92 ಕಿಲೋ. ತೇಗದ ತೊಲೆಯ ತೂಕ ಅದಕ್ಕಿಂತ ಹೆಚ್ಚು, 120 ಕಿಲೋಗೂ ಮೇಲೆ. ಮರ ಹಗುರ, ಕಬ್ಬಿಣ ಭಾರ ಎಂಬ ನಮ್ಮ ಮಾತು ತೊಲೆಯ ವಿಷಯದಲ್ಲಿ ತಲೆಕೆಳಗಾಗುತ್ತದೆ. ಬೆಲೆಯಲ್ಲಂತೂ ನಾವು ವಿಚಾರಿಸಿದಾಗ ಉಕ್ಕಿಗೆ ಆಗುವ ವೆಚ್ಚ ತೇಗದ ಮೂರರಲ್ಲೊಂದು ಪಾಲಿಗೂ ಕಡಿಮೆಯಾಗಿತ್ತು.

ಆದರೆ ಉಕ್ಕಿನ ತೊಲೆಯ ಪಾದ ಕಿರಿದು, ನಾಲ್ಕೇ ಅಂಗುಲ. ಅದನ್ನು ಹಾಗೆಯೇ ಮಣ್ಣಿನ ಗೋಡೆಯ ಮೇಲಿಟ್ಟರೆ ಚಾಕುವಿನಂತೆ ಇಳಿಯುತ್ತದೆ. ಕೆಳಗೆ ಅಗಲವಾದ ಹಾಸುಗಲ್ಲು ಬೇಕೇ ಬೇಕು. ತುದಿಯನ್ನು ಗಾರೆಯಲ್ಲಿ ಹೂಳದೆ ಸುತ್ತ ಗಾಳಿಯಾಡಲು ಎರಡು ಬೆರಳು ಜಾಗ ಬಿಡಬೇಕು, ತುಕ್ಕು ತಡೆಯುವ ಬಣ್ಣವನ್ನು ತೊಲೆ ಏರಿಸುವ ಮುಂಚೆಯೇ ನಾಲ್ಕೂ ಕಡೆ ಬಳಿದಿರಬೇಕು. ಏರಿಸಿದ ಮೇಲೆ ಗೋಡೆಯೊಳಗಿನ ಭಾಗಕ್ಕೆ ಕುಂಚ ಮುಟ್ಟುವುದಿಲ್ಲ. ಬೆಂಕಿಯ ವಿಚಾರದಲ್ಲಿಯೂ ಜನರ ಕಲ್ಪನೆ ಪೂರ್ತಿ ಸರಿಯಲ್ಲ. ಕಬ್ಬಿಣ ಉರಿಯುವುದಿಲ್ಲ ನಿಜ. ಆದರೆ 600 ಡಿಗ್ರಿಯ ಸುಮಾರಿಗೆ ಉಕ್ಕು ತನ್ನ ಅರ್ಧದಷ್ಟು ಬಲ ಕಳೆದುಕೊಂಡು ಬಾಗತೊಡಗುತ್ತದೆ. ದಪ್ಪ ಮರದ ತೊಲೆ ಹೊರಗೆ ಇದ್ದಿಲಾಗುತ್ತ ನಿಮಿಷಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ ಒಳಸರಿಯುತ್ತದೆ, ಒಳಗಿನ ತಿರುಳು ಸ್ವಲ್ಪ ಹೊತ್ತು ಭಾರ ತಡೆಯುತ್ತದೆ. ಜನ ಹೊರಗೆ ಬರಲು ಆ ಹೊತ್ತು ಸಾಕಾಗಬಹುದು. ಸೆಕೆಯ ಬಗ್ಗೆ ಹೇಳುವುದಾದರೆ, ತೊಲೆ ಯಾವುದಾದರೂ ಅಂಥ ವ್ಯತ್ಯಾಸವಿಲ್ಲ. ಮೇಲೆ ಬರಿಯ ತಗಡು ಹೊದಿಸಿದರೆ ಮಾತ್ರ ನಮ್ಮ ಗದಗಿನ ಏಪ್ರಿಲ್ ತಿಂಗಳಲ್ಲಿ ಒಳಗೆ ಕೂಡಲಾಗದು.

ಕೊನೆಗೆ ಅಣ್ಣನವರ ಮನಸ್ಸನ್ನು ತಿರುಗಿಸಿದ್ದು ಈ ಯಾವ ಲೆಕ್ಕವೂ ಅಲ್ಲ. ಪೂರ್ತಿ ಉಕ್ಕಿನ ಚೌಕಟ್ಟು ನಿಲ್ಲಿಸಬೇಕಾದರೆ ಪ್ರತಿ ಕಂಬಕ್ಕೂ ನಾಲ್ಕೈದು ಅಡಿ ತಗ್ಗು ತೆಗೆದು ಕಾಂಕ್ರೀಟಿನ ಪಾದ ಹಾಕಬೇಕು. ನಡುಗೋಡೆಯ ತಳಪಾಯ ನೆಲದಿಂದ ಎರಡೂವರೆ ಅಡಿಗೆ ಮುಗಿದಿತ್ತು. ಅದರ ಮಗ್ಗುಲಲ್ಲೇ ಅದಕ್ಕಿಂತ ಆಳದ ತಗ್ಗು ತೆಗೆದರೆ ಗೋಡೆಯ ಬುಡದ ಮಣ್ಣು ಸರಿಯುತ್ತದೆ. ನಮ್ಮ ಕಡೆ ಆಗ ಹೊಸ ಕಂಬಗಳಿರುತ್ತವೆ, ಕಾಕಿಯವರ ಕಡೆ ಏನಿರುತ್ತದೆ? ಎಂಜಿನಿಯರರು ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅಣ್ಣನವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅವ್ವ ಕೇಳಿದ್ದು ಇದನ್ನ" ಎಂದರು.

ಹೀಗಾಗಿ ತೊಲೆ ತೊಲೆಗೆ ಬೇರೆ ಬೇರೆ ತೀರ್ಮಾನವಾಯಿತು. ಪಡಸಾಲೆಯ 7 ತೊಲೆಗಳನ್ನು ಮುಟ್ಟಲಿಲ್ಲ. ತುದಿ ಕೊಳೆತ ಎರಡಕ್ಕೆ, ಕೊಳೆತಷ್ಟನ್ನು ಕೊಯ್ದು, ಇಬ್ಬದಿಗೂ ಉಕ್ಕಿನ ಚಾನೆಲ್ ಕೂಡಿಸಿ ಬೋಲ್ಟು ಬಿಗಿದು ಗೋಡೆಯವರೆಗೆ ಉದ್ದ ಮಾಡಿದೆವು. ಮೇಲೆ ಅವೇ ಮರ, ತುದಿಗೆ ಉಕ್ಕಿನ ಕೈ. ಅಡುಗೆಮನೆಯ ಎರಡು ತೊಲೆ ಮತ್ತು ಬಚ್ಚಲಿನ ಹಳಿಯ ಜಾಗಕ್ಕೆ ಹೊಸ ಉಕ್ಕಿನ ತೊಲೆ ಬಂದವು. ಮಾಳಿಗೆಯ ಮಣ್ಣನ್ನು ಆರು ಅಂಗುಲಕ್ಕೆ ಇಳಿಸಿ, ಮೇಲೆ ಇಟ್ಟಿಗೆ ಬಿಲ್ಲೆ ಹಾಸಿ ಸುಣ್ಣದ ಗಾರೆ ಹಾಕಿಸಿದೆವು. ಇಳಿದ ಮಣ್ಣು ಏಳು ಟ್ರ್ಯಾಕ್ಟರ್ ಹೇರು, ಹೆಚ್ಚು ಕಡಿಮೆ 25 ಟನ್. ಮರವೋ ಕಬ್ಬಿಣವೋ ಎಂಬ ಚರ್ಚೆಗಿಂತ ಈ ಒಂದು ಕೆಲಸದಿಂದಲೇ ಮನೆಗೆ ಹೆಚ್ಚು ಆಯುಷ್ಯ ಬಂದಿತೆಂದು ನನ್ನ ನಂಬಿಕೆ. ದೋಣಿಗಳನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಚಾಚಿಸಿದೆವು, ಬಚ್ಚಲಿನ ನೀರಿಗೆ ಬೇರೆ ದಾರಿ ಮಾಡಿದೆವು.

ಬಸವ ಜಯಂತಿಯ ಮರುದಿನ ಕೆಲಸ ಆರಂಭವಾಯಿತು, ಮುಹೂರ್ತ ಕೇಳಲಿಲ್ಲ. ಒಂದು ತೊಲೆಯನ್ನು ಮುಟ್ಟುವ ಮೊದಲು ಅದರ ಜಂತಿಗಳಿಗೆ ಎರಡೂ ಕಡೆ ಆಸರೆಯ ಕಂಬ, ಹಾಗೆಯೇ ಕಾಕಿಯವರ ಮನೆಯಲ್ಲಿ ಅದೇ ನೇರಕ್ಕೆ ಆಸರೆಯ ಕಂಬ. ಇದರ ಖರ್ಚು ನಮ್ಮದೇ ಎಂದು ಮೊದಲೇ ಮಾತಾಗಿತ್ತು. ಇಂಥ ಮನೆ ಮುಟ್ಟುವವರೆಲ್ಲರಿಗೂ ನಾನು ಕೈಮುಗಿದು ಹೇಳುವ ಮಾತು, ಆಸರೆಯಲ್ಲಿ ಮಾತ್ರ ಹಣ ಉಳಿಸಹೋಗಬೇಡಿ. ಅಡುಗೆಮನೆಯ ಮೇಲ್ಭಾಗ ಬಿಚ್ಚಿದ್ದ ರಾತ್ರಿ ಗುಡುಗು ಸಿಡಿಲಿನ ಮಳೆ ಬಂದು, ತಾಡಪಾಲು ಹಿಡಿದು ಮನೆಮಂದಿಯೆಲ್ಲ ಎರಡು ಗಂಟೆ ನಿಂತೆವು. ಕಾಕಿಯವರೂ ಸೆರಗು ಕಟ್ಟಿ ಒಂದು ಮೂಲೆ ಹಿಡಿದಿದ್ದರು. ಅವ್ವ ಅಷ್ಟೂ ದಿನ ಇದ್ದದ್ದು ಅವರ ಮನೆಯಲ್ಲಿಯೇ, ಲಿಂಗಪೂಜೆಯೂ ಅಲ್ಲಿಯೇ. ರೋಹಿಣಿ ಮಳೆಗೆ ಮುಂಚೆ ಕೆಲಸ ಮುಗಿಯಿತು. ಅಣ್ಣನವರು ಈಗಲೂ, ಇನ್ನು ಹದಿನೈದು ವರ್ಷಕ್ಕೆ ಪೂರ್ತಿ ಉಕ್ಕು ಹಾಕಲೇಬೇಕಾಗುತ್ತದೆ ನೋಡು, ಎನ್ನುತ್ತಾರೆ. ಆಗಬಹುದು.

ಹಾಳಾದ ಮತ್ತಿಯ ತೊಲೆಗಳ ನಡುವೆ ಎರಡು ಅಡಿಯಷ್ಟು ಗಟ್ಟಿ ಭಾಗ ಸಿಕ್ಕಿತು. ಬಡಿಗರು ಅದರಲ್ಲಿ ಎರಡು ಮಣೆ ಮಾಡಿಕೊಟ್ಟಿದ್ದಾರೆ, ಒಂದು ಅವ್ವನಿಗೆ, ಒಂದು ಕಾಕಿಯವರಿಗೆ. ಕಾಕಿಯವರ ಮನೆಯ ತೊಲೆಗಳನ್ನೂ ಅವರು ತಟ್ಟಿ ನೋಡಿಯಾಗಿದೆ. ನಡುಗೋಡೆಯ ಕಡೆಯ ಎರಡರ ತುದಿ ಹೋಗಿದೆ, ಉಳಿದವು ಗಟ್ಟಿಯಾಗಿವೆ. ದಸರೆಯಾದ ಮೇಲೆ, ಗೋಡೆ ಪೂರ್ತಿ ಒಣಗಿದಾಗ, ಅದೇ ಬಡಿಗರು ಮತ್ತು ಅದೇ ವೆಲ್ಡಿಂಗಿನವರು ಆ ಕೆಲಸ ಹಿಡಿಯುತ್ತಾರೆ. ಚಾನೆಲ್ಲುಗಳನ್ನು ಈಗಲೇ ತಂದು ಬಣ್ಣ ಬಳಿದು ನಮ್ಮ ಹಿತ್ತಲಿನ ಗೋಡೆಗೆ ಆನಿಸಿ ಇಟ್ಟಿದ್ದೇವೆ.